ಎಲ್ಲರೂ ಬರೆಯುವ ಪುಟದಲ್ಲಿ ಒಂದು ಸಾಲು

ಕಳೆದ ತಿಂಗಳು ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನಲ್ಲಿ ಒಂದು ಅಡ್ರೆಸ್ ಕೇಳಿದಳು. ಕಡಲಲ್ಲಿ ತೀರಿಕೊಂಡ ಅವಳ ಅಪ್ಪನದು.

ನಾನು ಕರಾವಳಿಯ ಉಪ್ಪುಂದದ ಕಡೆ ಕನ್ನಡ ಟೀಚರ್ ಎಂಬುದು ನಿಮಗೆ ಗೊತ್ತೇ ಇದೆ. ಟ್ರೈನಿಂಗ್ ಒಂದರಲ್ಲಿ ಹೊಸದೊಂದು ಕಲಿಸಿದ್ದರು. ಇಂಟರ್ನೆಟ್‌ನಲ್ಲಿ ಒಂದೇ ಪುಟ. ಕ್ಲಾಸಿನವರೆಲ್ಲ ಒಟ್ಟಿಗೆ ಅದರಲ್ಲಿ ಬರೆಯಬಹುದು. ಒಬ್ಬರು ಬರೆದದ್ದು ಕೂಡಲೇ ಎಲ್ಲರಿಗೂ ಕಾಣುತ್ತದೆ, ಕೆಳಗೆ ಇನ್ನೊಬ್ಬರು ಸೇರಿಸಬಹುದು. ಹೆಸರು ಕಾಣದ ಹಾಗೆ ಇಡಿ, ನಾಚಿಕೆಯ ಮಕ್ಕಳಿಗೆ ಧೈರ್ಯ ಬರುತ್ತದೆ ಎಂದಿದ್ದರು.

ಬಂತು. ಕಂಪ್ಯೂಟರ್ ರೂಮಿನಲ್ಲಿ ಕೂರಿಸಿ ‘ನಮ್ಮ ಕಡಲು’ ಎಂಬ ವಿಷಯ ಕೊಟ್ಟೆ. ವರ್ಷವಿಡೀ ಬಾಯಿ ಬಿಡದ ಮಕ್ಕಳೂ ಟೈಪ್ ಮಾಡತೊಡಗಿದರು. (ಕಾಗುಣಿತದ ಮಾತು ಬೇಡ.) ಪರದೆಯ ಮೇಲೆ ಬಲೆ, ಬೂತಾಯಿ ಮೀನು, ಗಾಳಿ, ಮರಳು. ನಡುವೆ ಹೀಗೊಂದು:

“ನನ್ನ ಅಪ್ಪ ನಾಡದೋಣಿಯಲ್ಲಿ ಹೋದವರು ಬರಲಿಲ್ಲ. ದೋಣಿ ಮಾತ್ರ ಸಿಕ್ಕಿತು.”

ಹೆಸರು ಬೇಕಿತ್ತೇ? ಅದು ರಶ್ಮಿ ಎಂದು ಕ್ಲಾಸಿಗೆಲ್ಲ ಗೊತ್ತು. ಆ ವಿಷಯ ಅವಳು ಯಾರೊಡನೆಯೂ ಆಡಿದವಳಲ್ಲ. ನನಗೆ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಮೂಡಿತು.

“ನಿನ್ನ ಅಪ್ಪ ಬದುಕಿದ್ದಾರೆ. ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ಕಂಡವರಿದ್ದಾರೆ.”

ಅಳಿಸಿದೆ. ಯಾರು ಬರೆದದ್ದು ಎಂದೆ. ಯಾರೂ ಏಳಲಿಲ್ಲ. ಪುಟವೂ ಹೇಳಲಿಲ್ಲ.

ಬೆಲ್ ಆದ ಮೇಲೆ ರಶ್ಮಿ ನನ್ನ ಹತ್ತಿರ ಬಂದಳು. “ಅದ್ ಬರ್ದದ್ ಯಾರ್ ಅಂದ್ ಗೊತ್ತಾಯ್ತಾ ಟೀಚರ್?”

“ಬಿಡು ಮಗಾ, ನಾನೇ ಕರೆದು ಬೈಯುತ್ತೇನೆ.”

“ಬೈಯುಕಲ್ಲ. ಅಡ್ರೆಸ್ ಕೇಂಬುಕೆ.”



ಎರಡು ದಿನ ಬಿಟ್ಟು ಅವಳ ಅಮ್ಮ ಗಿರಿಜಕ್ಕ ಶಾಲೆಗೆ ಬಂದರು. ಮೀನು ಮಾರಿ ನೇರ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಹೆಣ ಸಿಕ್ಕದಿದ್ರೂ ನಾವ್ ಬೊಜ್ಜ, ತಿಥಿ ಎಲ್ಲ ಮಾಡಿ ಮುಗ್ಸಿತ್ತ್ ಟೀಚರೇ. ಈಗ ಇವ್ಳ್, ಬದ್ಕಿದ್ದವ್ರಿಗೆ ಬೊಜ್ಜ ಎಂತಕ್ ಮಾಡ್ದೆ ಅಂದ್ ಕೇಂತ್ಳ್. ನಂಗೆ ಆಸೆ ಇರ್ಲಿಲ್ಯಾ? ಅದನ್ನ್ ಬಿಡುಕೆ ನಂಗೆ ಎಷ್ಟ್ ಕಷ್ಟ ಆಯ್ತ್ ಅಂದ್ ಅವ್ಳಿಗೆಂತ ಗೊತ್ತ್?”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾರೋ ಪುಂಡ ಹುಡುಗನ ಕೆಲಸ ಎಂದೇ ನಾನು ಹಲ್ಲು ಕಡಿಯುತ್ತಿದ್ದೆ. (ನೀವೂ ಹಾಗೆಯೇ ಅಂದುಕೊಂಡಿರಿ ಅಲ್ಲವೇ?) ಮರುವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತವಳು ನಿಶಾ. ರಶ್ಮಿಯ ಪಕ್ಕದಲ್ಲೇ ಕೂರುವವಳು, ಅವಳೊಡನೆ ಬುತ್ತಿ ಹಂಚಿಕೊಳ್ಳುವವಳು.

“ನಾನೇ ಬರ್ದದ್, ಟೀಚರ್. ಅದನ್ ಓದಿ ನಂಗೆ ಬೇಜಾರಾಯ್ತ್. ಅವ್ಳಿಗ್ ಸ್ವಲ್ಪ ಖುಷಿ ಆಯ್ಲಿ ಅಂದ್ ಬರ್ದೆ.”

ಇವಳಿಗೆ ಯಾವ ಶಿಕ್ಷೆ ಕೊಡುವುದು? ಕಿವಿಯಲ್ಲಿ ಹೇಳಿದ್ದರೆ ಅದು ಇಬ್ಬರು ಗೆಳತಿಯರ ನಡುವಿನ ಸುಳ್ಳು ಸಮಾಧಾನವಾಗಿ ಸಂಜೆಯೊಳಗೆ ಕರಗುತ್ತಿತ್ತು. ಅಚ್ಚಿನ ಅಕ್ಷರದಲ್ಲಿ, ಹೆಸರಿಲ್ಲದೆ, ಇಡೀ ಕ್ಲಾಸಿನ ಎದುರು ಬಂದದ್ದರಿಂದ ಅದು ಸುದ್ದಿಯಾಯಿತು. ದೊಡ್ಡವರಾದ ನಾವೂ ಫೋನಿನಲ್ಲಿ ಬಂದದ್ದನ್ನು ಹಾಗೇ ನಂಬುವುದಿಲ್ಲವೇ?

ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ನಿಶಾ ಅತ್ತು ಎಲ್ಲ ಹೇಳಿದಳು. ರಶ್ಮಿ ಅಳಲಿಲ್ಲ. ನನ್ನ ಮುಖವನ್ನೇ ನೋಡಿ, “ಅಮ್ಮ ಹೇಳಿದ್ದಕ್ಕೆ ನೀವ್ ಅವ್ಳ್ ಬಾಯಲ್ಲಿ ಹೀಂಗ್ ಹೇಳ್ಸಿದ್ದ್” ಎಂದಳು.

ಈಗ ಅವಳು ಬೇರೆ ಬೆಂಚಿನಲ್ಲಿ ಕೂರುತ್ತಾಳೆ. ಮುಂಬೈಯಿಂದ ರಜೆಗೆ ಬಂದವರು ಯಾರೇ ಇರಲಿ, ಅವರ ಮನೆಗೆ ಹೋಗಿ ಅಪ್ಪನ ಫೋಟೊ ತೋರಿಸುತ್ತಾಳಂತೆ. ಗಿರಿಜಕ್ಕ ತಡೆದು ಸೋತಿದ್ದಾರೆ.

ಅಪ್ಪ ಇಲ್ಲ ಎಂದು ಒಂದು ಮಗುವಿಗೆ ಎರಡನೆಯ ಸಲ ಹೇಳುವುದು ಹೇಗೆ?