ಮೊದಲ ಐದು ಸಾವಿರ

ಸಾಗರದಲ್ಲಿ ಬಾಡಿಗೆ ಕಾರು ತಗೊಳ್ಳುವಾಗ ಮಾಲೀಕ ಶ್ರೀಪಾದ, "ಇನ್ಶೂರೆನ್ಸ್ ಇದೆ ಸಾರ್, ಆರಾಮಾಗಿ ಹೋಗ್ಬನ್ನಿ" ಅಂದಿದ್ದರು. ನಾನೂ ಕಾಗದ ಓದದೆ ಸಹಿ ಹಾಕಿ, ಹೊಸನಗರದ ಮೂಲಕ ಮೇಳಿಗೆಗೆ ಹೋಗಿ, ಕೆಲಸ ಮುಗಿಸಿ ಮರುದಿನ ವಾಪಸ್ ಬಂದೆ.

ಶ್ರೀಪಾದ ಕಾರಿಗೊಂದು ಸುತ್ತು ಬಂದು ಹಿಂದಿನ ಬಾಗಿಲ ಹತ್ತಿರ ನಿಂತರು. "ಗೀರು ಬಿದ್ದಿದೆಯಲ್ಲ ಸಾರ್. ಮೂರು ಸಾವಿರ ಆಗ್ತದೆ."

"ಇನ್ಶೂರೆನ್ಸ್ ಇದೆ ಅಂದ್ರಲ್ಲ?"

"ಇದೆ. ಆದ್ರೆ ಮೊದಲ ಐದು ಸಾವಿರ ಬಾಡಿಗೆ ತಗೊಂಡವರದ್ದು. ಅದಕ್ಕಿಂತ ಮೇಲಾದ್ರೆ ಮಾತ್ರ ಇನ್ಶೂರೆನ್ಸ್. ಎಕ್ಸೆಸ್ ಅಂತ ಬರೆದಿದ್ದಲ್ಲೇ ಸಹಿ ಹಾಕಿದೀರಿ."

ಅಂದರೆ ಕಾರು ಹೊಳೆಗೆ ಬಿದ್ದರೆ ವಿಮೆ ಬರುತ್ತದೆ, ಗೀರು ಬಿದ್ದರೆ ಬರುವುದಿಲ್ಲ! ಸಿಟ್ಟು ನೆತ್ತಿಗೇರಿತು. ಜಗಳಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಗೀರು ತೋರಿಸುತ್ತಿದ್ದ ಅವರ ಬೆರಳು ಕಂಡಿತು. ಉಗುರಿನ ಸಂದಿಯಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತದ ನೀಲಿ. ಗೀರಿನೊಳಗೂ ಅದೇ ನೀಲಿ ಒಣಗಿ ಕೂತಿತ್ತು.

"ತೋಟಕ್ಕೆ ಔಷಧಿ ಯಾವಾಗ ಹೊಡೆಸಿದ್ರಿ?"

"ಹೋದ ವಾರ..." ಅವರು ಬಗ್ಗಿ ನೋಡಿದರು. ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದರು. "ಅಪ್ಪಯ್ಯಾ, ಔಷಧಿ ಹೊಡೆದ ದಿನ ಕಾರಿಗೆ ಎಂತಾರು ತಾಗ್ಸಿದ್ಯ?"

ಆ ಕಡೆಯ ಉತ್ತರ ನನಗೂ ಕೇಳಿತು. "ಔಷಧಿ ಪೈಪು ಕಟ್ಟಿದ ದೋಟಿ ಚೂರು ತಾಗಿತ್ತು. ನೀ ಬೈತೆ ಹೇಳಿ ನಾ ಸುಮ್ನಿದ್ದಿ."

ಶ್ರೀಪಾದ ನಕ್ಕುಬಿಟ್ಟರು. "ಇನ್ಮೇಲೆ ಮೊದಲ ಐದು ಸಾವಿರ ಅಪ್ಪಯ್ಯಂದೇ ಸಾರ್."

ಈಗಲೂ ಅವರ ಕಾರನ್ನೇ ತಗೊಳ್ಳುತ್ತೇನೆ. ಹೊರಡುವ ಮೊದಲು ಇಬ್ಬರೂ ಸೇರಿ ಕಾರಿನ ಸುತ್ತ ಫೋಟೊ ತೆಗೆಯುತ್ತೇವೆ. ಅವರ ಉಗುರಿನದ್ದೊಂದನ್ನು ನಾನು ಗುಟ್ಟಾಗಿ ತೆಗೆದಿಟ್ಟುಕೊಳ್ಳುತ್ತೇನೆ.