ಕೂಲಿ ಹಿಡಿದ ಮೇಲೆ

ಅವ್ವನ ಕೈ ನಡುಗಿದ್ದು ಬಸ್ಸಿನಲ್ಲಿ ಎಂದು ನನ್ನ ನೆನಪು. ಅಥವಾ ಬಸ್ಸಿನಲ್ಲಿ ಅಲ್ಲವೇನೋ, ಗಂಗಾವತಿ ಆಸ್ಪತ್ರೆಯ ಬೆಂಚಿನ ಮೇಲಿರಬೇಕು. ಬಸ್ಸಿನಲ್ಲಿ ಎಲ್ಲರ ಕೈಯೂ ನಡುಗುತ್ತದೆ. ಆಮೇಲೆ ಹುಟ್ಟಿದ ಹೆದರಿಕೆ ಹಿಂದಕ್ಕೆ ಹೋಗಿ ಆ ನಡುಕವನ್ನೂ ಸೇರಿಸಿಕೊಂಡಿರಬಹುದು. ಅವಳ ಬೆರಳುಗಳು ನನ್ನ ಮುಂಗೈ ಮೇಲಿದ್ದವು, ತಣ್ಣಗೆ ಬೆವೆತಿದ್ದವು. ಇಷ್ಟನ್ನು ನಂಬುತ್ತೇನೆ.

ಆ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯೊಂದನ್ನು ಪರೀಕ್ಷಿಸುತ್ತಿದ್ದರು. ಆ ಕಾಯಿಲೆಯಿದ್ದ ಅವ್ವ ಒಪ್ಪಿ ಸೇರಿದ್ದಳು. ಹೋದಾಗಲೆಲ್ಲ ಬಸ್ ಚಾರ್ಜು ಮತ್ತು ತಪ್ಪಿದ ದಿನದ ಕೂಲಿ ಕೊಡುತ್ತಿದ್ದರು. ನಮ್ಮೂರು ನವಲಿಯಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವರಲ್ಲೊಂದು ಕಟ್ಟುಪಾಡು: ರೊಕ್ಕ ಹಿಡಿದರೆ ಆ ಗದ್ದೆ ಮುಗಿಯುವವರೆಗೆ ಬದುವಿಗೆ ಬಂದು ಕೂರುವಂತಿಲ್ಲ. ಮೈ ಸುಡುತ್ತಿದ್ದರೂ ಬಾಯಿ ಬಿಡುವಂತಿಲ್ಲ.

ಅವತ್ತು ನರ್ಸ್ ಕೇಳಿದಳು, "ಯವ್ವಾ, ಗುಳಿಗಿ ತಗೊಂಡ ಮ್ಯಾಲೆ ಏನರ ತ್ರಾಸ ಆಗೇತೇನ್ರಿ?"

"ಏನೂ ಇಲ್ಲವಾ. ಛಲೋ ಅದೀನಿ. ನಿನಗಿಂತ ಗಟ್ಟಿ ಅದೀನಿ."

ನರ್ಸ್ ನಕ್ಕಳು. ಅವ್ವ ಎದ್ದಳು, ಗೋಡೆ ಹಿಡಿದಳು, ಹಾಗೇ ಜಾರುತ್ತ ನೆಲಕ್ಕೆ ಕುಸಿದಳು. ಕಣ್ಣು ತೆರೆದೇ ಇತ್ತು. ಆದರೆ ಅದು ನನ್ನನ್ನು ನೋಡುತ್ತಿರಲಿಲ್ಲ. ನಾನು ಕೂಗಿದೆನೋ, ಕೂಗಬೇಕು ಅಂದುಕೊಂಡೆನೋ. ಅವಳ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದಿತ್ತು. ಸತ್ತವರ ಚಪ್ಪಲಿ ಹೀಗೇ ಕಾಣುತ್ತದೆ ಎನಿಸಿತು.

ಅವ್ವನಿಗೆ ಎಚ್ಚರವಾದ ಮೇಲೆ ಡಾಕ್ಟರು ಮಂಚದ ಹತ್ತಿರ ಕುಳಿತರು. "ಹಿಂದೂ ಹಿಂಗ ಆಗಿತ್ತೇನ್ರಿ?"

"ಒಮ್ಮೊಮ್ಮಿ ಕಣ್ಣಿಗೆ ಕತ್ತಲಿ ಬರ್ತಿತ್ರಿ."

"ಮತ್ತ ಹೇಳಬಾರದೇನ್ರಿ?"

"ರೊಕ್ಕಾ ಹಿಡದೀನಲ್ರಿ. ಕೂಲಿ ಹಿಡದು ಅರ್ಧಾ ಗದ್ದಿ ಬಿಟ್ಟು ಏಳಾಕ ಬರ್ತೈತೇನ್ರಿ?"

"ರೊಕ್ಕಾ ನೀವು ಬಂದಿದ್ದಕ್ಕ, ನಿಮ್ಮ ಕೂಲಿ ತಪ್ಪಿದ್ದಕ್ಕರಿ. ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು. ಮೊದಲನ ಹೇಳಿದ್ನಲ್ರಿ."

"ಹೇಳಿದ್ರಿ. ನಮ್ಮ ಸಾವ್ಕಾರ್ರೂ ಹೇಳ್ತಾರ್ರಿ, ಸಾಕಾದ್ರ ಕುಂಡ್ರವಾ ಅಂತ. ಒಮ್ಮಿ ಕುಂತು ನೋಡ್ರಿ, ಮರುದಿನ ಕೆಲಸಕ್ಕ ಕರಿಯಂಗಿಲ್ಲ."

ಡಾಕ್ಟರು ಅವತ್ತೇ ಗುಳಿಗೆ ನಿಲ್ಲಿಸಿದರು. ಕೊಟ್ಟ ರೊಕ್ಕವನ್ನು ವಾಪಸ್ ಕೇಳಲಿಲ್ಲ.

ಆ ಕೂಲಿ ನ್ಯಾಯವಾದದ್ದೇ. ಕೊಡದಿದ್ದರೆ ಅವ್ವ ಒಂದು ದಿನದ ದುಡಿಮೆ ಬಿಟ್ಟು ಅಷ್ಟು ದೂರ ಬರುವುದೇ ಆಗುತ್ತಿರಲಿಲ್ಲ. ಅದೇ ಕೂಲಿ ಅವಳ ಬಾಯಿ ಮುಚ್ಚಿಸಿತ್ತು.

ಅವಳು ನುಂಗಿದ್ದು ಹೊಸ ಗುಳಿಗೆಯೋ, ಹೋಲಿಸಿ ನೋಡಲು ಕೊಟ್ಟ ಹಳೆಯದೋ, ಪರೀಕ್ಷೆ ಮುಗಿಯದ ಕಾರಣ ಆಸ್ಪತ್ರೆಯವರು ಇನ್ನೂ ನಮಗೆ ಹೇಳಿಲ್ಲ. ಅವ್ವ ಮತ್ತೆ ಗದ್ದೆಗೆ ಇಳಿದಿದ್ದಾಳೆ. ಸಂಜೆ ಫೋನ್ ಮಾಡಿ "ಹೆಂಗದಿ ಬೇ?" ಎಂದು ಕೇಳುತ್ತೇನೆ.

"ಛಲೋ ಅದೀನಿ," ಅನ್ನುತ್ತಾಳೆ.

ನಿಜವೋ ಅಲ್ಲವೋ, ನನಗೆ ಗೊತ್ತಿಲ್ಲ.