ಕೋಲು ಕುಟ್ಟದ ಪ್ರಬಂಧ

ಬೆಳಗಿನ ಐದೂವರೆ. ಹಳೆಯ ಆಫೀಸು ಕಟ್ಟಡದ ನೆಲಮಹಡಿಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ, ಮೂರನೆಯ ಸಲಕ್ಕೆ ಮನಸ್ಸು ಮಾಡಿ ಹತ್ತಿಕೊಳ್ಳುತ್ತದೆ. ಟೀಚರಮ್ಮನ ಎಂಟ್ರಿಗೆ ಗಾಳಿಯಿಲ್ಲ, ಹೊಗೆಯಿಲ್ಲ, ಸ್ಲೋಮೋಷನ್ನೂ ಇಲ್ಲ. ಒಂದು ಕೈಯಲ್ಲಿ ಪ್ರಬಂಧಗಳ ಕಟ್ಟು, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ. ಎಂಬತ್ತೊಂದರ ಅತ್ತೆಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮೊಣಕಾಲಿಗೆ ಶಾಲು ಹೊದಿಸಿ, ಬೋರ್ಡು ಒರೆಸಿ ಬರೆಯುತ್ತಾರೆ: ‘ಓದುವವನಿಗೆ ಏನೂ ಗೊತ್ತಿಲ್ಲ. ಆದರೆ ಅವನು ದಡ್ಡನಲ್ಲ.’

ಬೆಂಚುಗಳಲ್ಲಿ ಹನ್ನೊಂದು ಜನ. ಕ್ಯಾಂಟೀನಿನ ಅಡುಗೆಯವ, ಆಸ್ಪತ್ರೆಯ ಬಟ್ಟೆ ಒಗೆಯುವಾಕೆ, ಲಿಫ್ಟ್ ರಿಪೇರಿಯವ, ಹೀಗೆ ಎಲ್ಲರೂ ಶಿಫ್ಟಿಗೆ ಮುಂಚೆ ಇಲ್ಲಿ ಹಾಜರಿ ಹಾಕುವವರು. ಎಲ್ಲರ ತಲೆಯ ಮೇಲೂ ಬಡ್ತಿ ಪರೀಕ್ಷೆ ತೂಗುತ್ತಿದೆ. ಅದರಲ್ಲಿ ಒಂದು ಮಾಹಿತಿ ಪ್ರಬಂಧ ಕಡ್ಡಾಯ: ನಿಮ್ಮ ಕೆಲಸವನ್ನು ಹೊಸಬರಿಗೆ ತಿಳಿಸಿಕೊಡಿ, ಮುನ್ನೂರು ಪದ, ನಲವತ್ತು ನಿಮಿಷ. ಸ್ಪ್ಯಾನರ್ ಹಿಡಿದರೆ ಹುಲಿಗಳಂತಿರುವವರು ಪೆನ್ನು ಹಿಡಿದ ಕೂಡಲೇ ಬೆಕ್ಕಿನ ಮರಿಗಳಾಗುತ್ತಾರೆ.

ಅಡುಗೆಯವ ಪಾತ್ರೆ ತೊಳೆಯುವ ಬಗ್ಗೆ ಬರೆಯಲು ಕೂತು, ‘ಭೂಮಿ ಹುಟ್ಟಿ ಕೋಟ್ಯಂತರ ವರ್ಷಗಳಾದವು’ ಎಂದು ಶುರು ಮಾಡಿದ್ದಾನೆ.

“ಓಪನಿಂಗ್ ಜೋರಾಗಿದೆ ಕಣಪ್ಪ. ಪಾತ್ರೆ ಯಾವಾಗ ಬರುತ್ತೆ?”

“ಎರಡ್ನೇ ಪುಟದಲ್ಲಿ, ಮೇಡಂ.”

“ಅಷ್ಟೊತ್ತಿಗೆ ಎಂಜಲು ಒಣಗಿ ಕಲ್ಲಾಗಿರುತ್ತೆ. ಸೀದಾ ನಲ್ಲಿ ಹತ್ರ ಕರ್ಕೊಂಡು ಹೋಗು.”

ಇಲ್ಲಿ ಅಭಿಪ್ರಾಯ ಬೇಡ, ಅಲಂಕಾರ ಬೇಡ. ಯಾವುದರ ನಂತರ ಯಾವುದು ಎಂಬುದಷ್ಟೇ ಬೇಕು. ‘ಎಲ್ಲರಿಗೂ ತಿಳಿದಂತೆ’ ಎಂದು ಬರೆದವರಿಗಂತೂ ಶಿಕ್ಷೆ ಕಾದಿದೆ. ಎದ್ದು ನಿಂತು ಆ ‘ಎಲ್ಲರೂ’ ಯಾರ್ಯಾರು ಎಂದು ಒಬ್ಬೊಬ್ಬರನ್ನೇ ಹೇಳಬೇಕು. ಬಟ್ಟೆ ಒಗೆಯುವಾಕೆ ಒಮ್ಮೆ ಗಂಡ, ನಾದಿನಿ, ಪಕ್ಕದ್ಮನೆಯಾಕೆ ಎಂದು ಎಣಿಸುತ್ತಾ ಹೋಗಿ, ನಾಲ್ಕಕ್ಕೇ ನಿಂತುಬಿಟ್ಟಳು.

ಬರೆದದ್ದನ್ನು ಟೀಚರಮ್ಮ ಗಟ್ಟಿಯಾಗಿ ಓದುತ್ತಾರೆ. ತೀರ್ಪು ಕೊಡುವುದು ಮಾತ್ರ ಅತ್ತೆ. ಆಕೆಗೆ ಓದು ಬರಹ ಬಾರದು, ಅದೇ ಆಕೆಯ ಡಿಗ್ರಿ. ತನಗೆ ತಿಳಿಯದ ಜಾಗ ಬಂತೋ, ಕೋಲನ್ನು ನೆಲಕ್ಕೆ ಟಕ್ಕೆಂದು ಕುಟ್ಟುತ್ತಾರೆ. ಕೋಲು ಕುಟ್ಟಿದಲ್ಲಿ ಕೆಂಪು ಗೆರೆ. ಗೆರೆ ಬಿದ್ದ ಪ್ರಬಂಧ ಮತ್ತೆ ಮೊದಲಿಂದ. ಹುಡುಗರು ಹಿಂದಿನಿಂದ ‘ಸೆನ್ಸಾರ್ ಅಜ್ಜಿ’ ಅನ್ನುತ್ತಾರೆ. ಮುಂದಿನಿಂದ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಹದಿನಾಲ್ಕು ವರ್ಷಗಳಿಂದ ಇದೇ ನಡೆದಿದೆ. ಏಳೂವರೆಗೆ ಕ್ಲಾಸು ಮುಗಿಸಿ, ಅತ್ತೆಯನ್ನು ಮನೆಗೆ ಬಿಟ್ಟು, ಟೀಚರಮ್ಮ ಔಷಧಿ ಗೋದಾಮಿಗೆ ಓಡುತ್ತಾರೆ. ಪೆಟ್ಟಿಗೆಯ ಮೇಲಿನ ಚೀಟಿಗೂ ಒಳಗಿನ ಸರಕಿಗೂ ತಾಳೆ ನೋಡುವುದು ಅಲ್ಲಿನ ಕೆಲಸ. ಊಟದ ಬಿಡುವಿನಲ್ಲಿ ಪೆಟ್ಟಿಗೆಗಳ ಮೇಲೇ ಪ್ರಬಂಧಗಳನ್ನು ಹರಡಿಕೊಂಡು ತಿದ್ದುತ್ತಾರೆ. ಕ್ಲಾಸಿಗೆ ಸಂಬಳವಿಲ್ಲ, ಬಾಗಿಲಿಗೆ ಹೆಸರಿನ ಫಲಕವಿಲ್ಲ. “ಟೀಚರ್ ಅನ್ನೋ ಹೆಸರೂ ಈ ಕ್ಲಾಸಿನೋರೇ ಕೊಟ್ಟಿದ್ದು. ನಾನೇನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ,” ಎನ್ನುತ್ತಾರೆ.

ಈ ಶುಕ್ರವಾರ ಲಿಫ್ಟ್ ರಿಪೇರಿಯವನ ಸರದಿ. ಭಾನುವಾರ ಪರೀಕ್ಷೆ. ಕಂಪನಿ ಕೊಡುವುದು ಮೂರೇ ಅವಕಾಶ, ಎರಡು ಈಗಾಗಲೇ ಡಬ್ಬ. ಪಾಸಾದರೆ ಆತ ಹೊಸಬರಿಗೆ ಕೆಲಸ ಕಲಿಸುತ್ತಾನೆ, ಪ್ರತಿ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಅಂಟಿಸುವ ಸೂಚನೆಯ ಹಾಳೆಯನ್ನೂ ಅವನೇ ಬರೆಯುತ್ತಾನೆ. ಎದೆಯೊಳಗೆ ಪುಕಪುಕ, ಬಾಯಲ್ಲಿ ಡೈಲಾಗು.

“ಲಿಫ್ಟು ನಿಂತ್ರೆ ಜನ ಹೆದರ್ತಾರೆ ಮೇಡಂ. ನಾನು ಬಂದ್ರೆ ಲಿಫ್ಟೇ ಹೆದರುತ್ತೆ! ಓದಿ ನೀವು.”

ಟೀಚರಮ್ಮ ಓದುತ್ತಾರೆ. ಕೆಟ್ಟು ನಿಂತ ಲಿಫ್ಟಿನಿಂದ ಜನರನ್ನು ಇಳಿಸುವುದು ಹೇಗೆ ಎಂಬುದು ವಿಷಯ. ಒಳಗಿರುವವರಿಗೆ ಕೂಗಿ ಧೈರ್ಯ ಹೇಳಿ. ಮೇಲಿನ ಕೋಣೆಗೆ ಹೋಗಿ. ಬ್ರೇಕು ಸಡಿಲಿಸಿ. ದೊಡ್ಡ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ವಾಕ್ಯಗಳು ಒಂದರ ಬೆನ್ನಿಗೆ ಒಂದು ನೀಟಾಗಿ ಬರುತ್ತಿವೆ. ಕೋಲು ಸುಮ್ಮನಿದೆ. ಲಿಫ್ಟಿನವ ಕಾಲರ್ ಸರಿಮಾಡಿಕೊಳ್ಳುತ್ತಾನೆ.

ಅಜ್ಜಿ ಕೋಲು ಕುಟ್ಟುವುದಿಲ್ಲ. ಅದನ್ನೂರಿ ಎದ್ದು ನಿಲ್ಲುತ್ತಾರೆ.

“ಮಗಾ, ಆ ಚಕ್ರ ತಿರುಗಿಸೋವಾಗ ಕರೆಂಟು ಇತ್ತೋ, ಇರ್ಲಿಲ್ವೋ?”

“ಅಯ್ಯೋ ಅಜ್ಜಿ, ಅದನ್ನ ಆಫ್ ಮಾಡೇ ಮಾಡಿರ್ತೀವಲ್ಲ!”

“ಎಲ್ಲಿ ಬರ್ದಿದ್ದೀಯ?”

ಆತ ಹಾಳೆ ಇಸಿದುಕೊಂಡು ನೋಡುತ್ತಾನೆ. ತಿರುಗಿಸಿ ನೋಡುತ್ತಾನೆ. ಇಲ್ಲ. ಟೀಚರಮ್ಮ ಬಾಗಿಲು ತೋರಿಸುತ್ತಾರೆ. “ಅದೇ ಯಂತ್ರದ ಕೋಣೆ ಅನ್ಕೋ. ದಿನಾ ಹೋಗೋ ಹಾಗೇ ಒಳಗೆ ಬಾ.” ಆತ ಹೊರಗೆ ಹೋಗಿ, ಎರಡೂ ಕೈಯಲ್ಲಿ ಇಲ್ಲದ ಟೂಲ್ ಬ್ಯಾಗುಗಳನ್ನು ಹಿಡಿದು ಒಳಗೆ ಕಾಲಿಡುತ್ತಾನೆ. ಬಾಗಿಲು ದಾಟುವಾಗ ಅವನ ಎಡಭುಜ ತಾನಾಗಿಯೇ ಮೇಲೆದ್ದು, ಗೋಡೆಯ ಮೇಲಿಲ್ಲದ ಯಾವುದನ್ನೋ ಕೆಳಗೆ ಒತ್ತುತ್ತದೆ. ಹನ್ನೊಂದು ವರ್ಷಗಳಿಂದ ಸ್ವಿಚ್ಚು ಆರಿಸುತ್ತಿರುವುದು ಆ ಭುಜ. ತಲೆಗೆ ಆ ಸುದ್ದಿಯೇ ಮುಟ್ಟಿಲ್ಲ.

ಯಾರೂ ನಗುವುದಿಲ್ಲ. ಕ್ಲಾಸಿಗೆ ಸೇರಿದ ಮೊದಲ ದಿನ ಅವರೆಲ್ಲರೂ ಒಂದು ಹಳೆಯ ಹಾಳೆ ಓದಿದವರು. ಕಾಗದದ ಕಾರ್ಖಾನೆಯೊಂದರಲ್ಲಿ ರೋಲರಿಗೆ ಸಿಕ್ಕಿಕೊಂಡ ಕಾಗದ ಬಿಡಿಸುವ ಒಂಬತ್ತು ಸಾಲು. ಇದರಲ್ಲೇನು ಕೊರತೆ ಎಂದು ಕೇಳಿದರೆ, ಎಲ್ಲ ಸರಿಯಾಗಿದೆ ಎಂದೇ ಹೇಳಿದವರು. ಮೊದಲು ಮಷೀನು ನಿಲ್ಲಿಸಿ ಎಂಬ ಹತ್ತನೆಯ ಸಾಲು ಅದರಲ್ಲಿಲ್ಲ. ಕೆಲಸಕ್ಕೆ ಸೇರಿ ಆರೇ ದಿನವಾಗಿದ್ದ ಒಬ್ಬ, ಆ ಹಾಳೆ ಹೇಳಿದಷ್ಟನ್ನೇ ಶ್ರದ್ಧೆಯಿಂದ ಮಾಡಿದ. ಅವನು ಟೀಚರಮ್ಮನ ಗಂಡ, ಈ ಅಜ್ಜಿಯ ಒಬ್ಬನೇ ಮಗ.

“ಆ ಹಾಳೆ ಬರೆದೋರು ಕೆಟ್ಟವರಲ್ಲ,” ಎನ್ನುತ್ತಾರೆ ಟೀಚರಮ್ಮ. “ಮೂವತ್ತು ವರ್ಷ ಆ ಮಷೀನ್ ಜೊತೆ ಇದ್ದೋರು. ತುಂಬಾ ಗೊತ್ತಿತ್ತು, ಅದಕ್ಕೇ ಬಿಟ್ಟೋಯ್ತು. ಸಾವಿಗೆ ಬಂದು ನಮ್ಮತ್ತೆ ಕಾಲು ಹಿಡ್ಕೊಂಡು ಅತ್ರು. ಅವ್ರನ್ನ ಬಯ್ಯೋಕೂ ನನಗೆ ಬಾಯಿ ಬರ್ಲಿಲ್ಲ.”

ಆ ಕಥೆ ಕೇಳಿದ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ಲಿಫ್ಟಿನವನೇ. ಅವನ ಮುಖದಲ್ಲೀಗ ಡೈಲಾಗಿಲ್ಲ. “ನಾನೂ ಅದನ್ನೇ ಮಾಡ್ದೆ ಅಲ್ವಾ, ಮೇಡಂ?”

“ಮಾಡ್ದೆ. ಇಲ್ಲೇ ಮಾಡ್ದೆ, ಒಳ್ಳೇದಾಯ್ತು. ಕೂತ್ಕೋ, ಬರಿ.”

ಆತ ಅಂದು ಶಿಫ್ಟಿಗೆ ಅರ್ಧ ಗಂಟೆ ತಡ. ಆ ಎರಡು ದಿನ ಟೀಚರಮ್ಮನಿಗೆ ಊಟ ಸೇರುವುದಿಲ್ಲ. ಆತ ಪಾಸಾಗದಿದ್ದರೆ ಎಂಬ ಹೆದರಿಕೆ ಒಂದು ಕಡೆ. ಪರೀಕ್ಷೆಯ ಗಾಬರಿಯಲ್ಲಿ ಆ ಸಾಲು ಮತ್ತೆ ಭುಜಕ್ಕೆ ಇಳಿದುಹೋಗಿ, ಆದರೂ ಪಾಸಾಗಿಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಐದು ವಾರಗಳ ನಂತರ ಒಂದು ಬೆಳಗ್ಗೆ ಆತ ಹೊಸ ಅಂಗಿ ತೊಟ್ಟು ಕ್ಲಾಸಿನ ಬಾಗಿಲಲ್ಲಿ ನಿಲ್ಲುತ್ತಾನೆ. ಪಾಸು. ಬರೆದ ಮೊದಲ ಹಾಳೆಯನ್ನು ಇದೇ ಕಟ್ಟಡದ ತುದಿಯ ಯಂತ್ರದ ಕೋಣೆಯಲ್ಲಿ ಅಂಟಿಸಿದ್ದಾನೆ. ಅಜ್ಜಿಯನ್ನು ಲಿಫ್ಟಿನಲ್ಲಿ ಕರೆದೊಯ್ದು, ಕೊನೆಯ ಹದಿನಾಲ್ಕು ಮೆಟ್ಟಿಲುಗಳನ್ನು ಅವನೂ ಟೀಚರಮ್ಮನೂ ರಟ್ಟೆ ಹಿಡಿದು ಹತ್ತಿಸುತ್ತಾರೆ. ಎಣ್ಣೆಯ ವಾಸನೆಯ ಆ ಇಕ್ಕಟ್ಟು ಕೋಣೆಯಲ್ಲಿ ಟೀಚರಮ್ಮ ಗೋಡೆಯ ಹಾಳೆಯನ್ನು ಗಟ್ಟಿಯಾಗಿ ಓದುತ್ತಾರೆ.

‘ಒಂದು: ಮೇನ್ ಸ್ವಿಚ್ ಆರಿಸಿ. ಭುಜದಿಂದಲ್ಲ, ಕೈಯಿಂದ. ಆರಿದೆಯೇ ಎಂದು ಕಣ್ಣಾರೆ ನೋಡಿ. ನೋಡಿದ ಮೇಲೆ ಎರಡಕ್ಕೆ ಹೋಗಿ.’

ಹನ್ನೆರಡು ಸಾಲು ಮುಗಿಯುವವರೆಗೂ ಕೋಲಿನ ಸದ್ದಿಲ್ಲ. ಅಜ್ಜಿ ಹಾಳೆಯ ಮೇಲೊಮ್ಮೆ ಅಂಗೈ ಆಡಿಸಿ, “ಗಟ್ಟಿಯಾಗಿ ಅಂಟ್ಸಿದ್ದೀಯಾ? ಬಿದ್ದೋಗಲ್ಲ ತಾನೆ?” ಎಂದಷ್ಟೇ ಕೇಳುತ್ತಾರೆ.

“ಕೆಳಗಡೆ ನಿಮ್ಮಿಬ್ರ ಹೆಸರು ಹಾಕ್ತೀನಿ ಮೇಡಂ, ಸಣ್ಣಕ್ಷರದಲ್ಲಿ,” ಎನ್ನುತ್ತಾನೆ ಲಿಫ್ಟಿನವ.

“ಬೇಡಪ್ಪ,” ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. “ಇದನ್ನ ಓದ್ದೋನು ಸಂಜೆ ಮನೆಗೆ ಹೋಗ್ಬೇಕು. ಇವತ್ತೇನಾಯ್ತು ಅಂತ ಹೆಂಡ್ತಿ ಕೇಳಿದ್ರೆ, ‘ಏನೂ ಆಗ್ಲಿಲ್ಲ’ ಅನ್ಬೇಕು. ಅಷ್ಟಾದ್ರೆ ಸಾಕು ನನಗೆ.”